ಡಾ. ಮುತ್ತುಲಕ್ಷ್ಮಿ ರೆಡ್ಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾರತದ ಮೊದಲ ಶಾಸಕಿ ಯಾರು ಅಂತ ಕ್ವಿಜ್‌ನಲ್ಲಿ ಕೇಳಿದರೆ ಥಟ್ಟನೆ ಬರುವ ಉತ್ತರ ಮುತ್ತುಲಕ್ಷ್ಮಿ ರೆಡ್ಡಿ. ಅಲ್ಲಿಗೆ ಒಂದು ಅಂಕ ಸಿಗುತ್ತದೆ, ವಿಷಯ ಮುಗಿಯುತ್ತದೆ. ಆದರೆ ಆಕೆ ಸದನದಲ್ಲಿ ಕೂತು ಮಾಡಿದ್ದೇನು ಅಂತ ಕೇಳಿದರೆ ಎಲ್ಲರೂ ತಡವರಿಸುತ್ತಾರೆ. ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಕೆಲವಕ್ಕೆ ಉತ್ತರ ಎರಡೇ ಸಾಲು. ದೇವದಾಸಿ ಕಾನೂನಿನ ವಿಷಯಕ್ಕೆ ಬಂದಾಗ ಸ್ವಲ್ಪ ಜಾಸ್ತಿಯೇ ಬರೆದಿದ್ದೇನೆ. ಯಾಕೆ ಅಂತ ಓದಿದರೆ ಗೊತ್ತಾಗುತ್ತದೆ.

ಚಿಕ್ಕದಾಗಿ ಹೇಳಿ, ಯಾರು ಇವರು?

ಮೂಲತಃ ಡಾಕ್ಟರು. 1886ರ ಜುಲೈ 30ರಂದು ಪುದುಕೋಟೆ ಸಂಸ್ಥಾನದಲ್ಲಿ ಹುಟ್ಟಿದರು. 1912ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಿಂದ ಡಾಕ್ಟರಾಗಿ ಹೊರಬಂದರು. 1927ರಲ್ಲಿ ಮದ್ರಾಸಿನ ಲೆಜಿಸ್ಲೇಟಿವ್ ಕೌನ್ಸಿಲ್‌ಗೆ ಸದಸ್ಯೆಯಾಗಿ ಹೋದರು. ಅಲ್ಲೇ ಉಪಾಧ್ಯಕ್ಷೆಯಾದರು. 1930ರಲ್ಲಿ ರಾಜೀನಾಮೆ ಕೊಟ್ಟರು. ಆಮೇಲೆ ಅನಾಥ ಹುಡುಗಿಯರಿಗೆ ಅವ್ವೈ ಹೋಮ್ ಕಟ್ಟಿದರು, ಮದ್ರಾಸಿನ ಅಡ್ಯಾರಿನಲ್ಲಿ ಕ್ಯಾನ್ಸರ್ ಆಸ್ಪತ್ರೆ ಕಟ್ಟಿದರು. 1956ರಲ್ಲಿ ಪದ್ಮಭೂಷಣ ಬಂತು. 1968ರ ಜುಲೈ 22ರಂದು ತೀರಿಕೊಂಡರು. ಇನ್ನೊಂದು ವಾರ ಇದ್ದಿದ್ದರೆ 82 ತುಂಬುತ್ತಿತ್ತು.

ಹೆಸರಲ್ಲಿ ರೆಡ್ಡಿ ಇದೆ. ತೆಲುಗಿನವರಾ?

ರೆಡ್ಡಿ ಅನ್ನುವುದು ಗಂಡನ ಕಡೆಯಿಂದ ಬಂದ ಹೆಸರು. ಹುಟ್ಟಿದ್ದು ತಮಿಳು ಮನೆಯಲ್ಲಿ. ತಂದೆ ನಾರಾಯಣಸ್ವಾಮಿ ಅಯ್ಯರ್, ಪುದುಕೋಟೆಯ ಮಹಾರಾಜ ಕಾಲೇಜಿನ ಪ್ರಿನ್ಸಿಪಾಲರು. ತಾಯಿ ಚಂದ್ರಮ್ಮಾಳ್, ದೇವದಾಸಿ ಮನೆತನದವರು. ಬ್ರಾಹ್ಮಣ ಪ್ರಿನ್ಸಿಪಾಲರು ದೇವದಾಸಿ ಮನೆತನದ ಹೆಣ್ಣಿನ ಜೊತೆ ಸಂಸಾರ ಹೂಡಿದ್ದನ್ನು ಅವರ ಮನೆಯವರು ಒಪ್ಪಲಿಲ್ಲ, ದೂರ ಇಟ್ಟರು. ಮುತ್ತುಲಕ್ಷ್ಮಿ ಮುಂದೆ ಯಾವ ಪದ್ಧತಿಯ ವಿರುದ್ಧ ಕಾನೂನು ತಂದರೋ ಆ ಪದ್ಧತಿ ಅವರಿಗೆ ಪೇಪರಿನಲ್ಲಿ ಓದಿದ ಸುದ್ದಿ ಆಗಿರಲಿಲ್ಲ. ತಾಯಿಯ ಕಡೆಯ ನೆಂಟರ ಮನೆಗಳಲ್ಲೇ ಕಂಡದ್ದು.

ಗಂಡು ಹುಡುಗರ ಕಾಲೇಜಿನಲ್ಲಿ ಪರದೆ ಕಟ್ಟಿ ಕೂರಿಸಿದ್ದರಂತೆ, ಹೌದಾ?

ಹೌದು. ದೊಡ್ಡವಳಾದ ಮೇಲೆ ಆಗಿನ ರೂಢಿಯಂತೆ ಶಾಲೆ ಬಿಡಿಸಿದರು. ಮನೆಯಲ್ಲೇ ಓದಿ ಮೆಟ್ರಿಕ್ ಪಾಸು ಮಾಡಿದರು. ತಾಯಿಗೆ ಮಗಳ ಮದುವೆಯದ್ದೇ ಯೋಚನೆ. ಮಗಳಿಗೆ ಕಾಲೇಜಿನ ಯೋಚನೆ. ಪುದುಕೋಟೆಯಲ್ಲಿ ಇದ್ದದ್ದು ಒಂದೇ ಕಾಲೇಜು, ಅದೂ ಗಂಡು ಹುಡುಗರದ್ದು. ಅರ್ಜಿ ಹಾಕಿದಾಗ ಊರಲ್ಲಿ ಗಲಾಟೆಯೇ ಆಯಿತು. ಹುಡುಗಿ ಬಂದರೆ ನಮ್ಮ ಹುಡುಗರು ಕೆಡುತ್ತಾರೆ ಅಂದರು. ತಾಯಿಯ ಹಿನ್ನೆಲೆಯನ್ನೂ ಎತ್ತಿ ಆಡಿದರು. ಕೊನೆಗೆ ರಾಜ ಮಾರ್ತಾಂಡ ಭೈರವ ತೊಂಡೈಮಾನ್ ಅವರೇ ಸೇರಿಸಿಕೊಳ್ಳಿ ಅಂದ ಮೇಲೆ ಸೀಟು ಸಿಕ್ಕಿತು.

ಸೀಟೇನೋ ಸಿಕ್ಕಿತು. ಕೂರುವ ಜಾಗಕ್ಕೆ ಅಡ್ಡ ಪರದೆಯೂ ಬಂತು. ಮುಚ್ಚಿದ ಗಾಡಿಯಲ್ಲಿ ಬರಬೇಕು, ಪರದೆಯ ಹಿಂದೆ ಕೂತು ಪಾಠ ಕೇಳಬೇಕು. ಸುಮ್ನೆ ಒಮ್ಮೆ ಕಲ್ಪಿಸಿಕೊಳ್ಳಿ. ಮೇಷ್ಟ್ರ ಧ್ವನಿ ಕೇಳುತ್ತದೆ, ಕ್ಲಾಸಿನ ನಗು ಕೇಳುತ್ತದೆ, ಯಾರು ಯಾಕೆ ನಕ್ಕರು ಅಂತ ಕಾಣುವುದಿಲ್ಲ. ಹಾಗೇ ಓದಿ ಪಾಸಾದರು.

ಮದ್ರಾಸ್ ಮೆಡಿಕಲ್ ಕಾಲೇಜಿಗೆ ಸೇರಿದ ಮೊದಲ ಹೆಣ್ಣು ಇವರೇನಾ?

ಅಲ್ಲ. ಬಹಳ ಕಡೆ ಹಾಗೆ ಬರೆದಿರುತ್ತಾರೆ, ತಪ್ಪು. 1875ರಲ್ಲೇ ಮೇರಿ ಶಾರ್ಲೀಬ್ ಸೇರಿದಂತೆ ನಾಲ್ವರು ಹೆಂಗಸರು ಅಲ್ಲಿಗೆ ಸೇರಿದ್ದರು. ಮುತ್ತುಲಕ್ಷ್ಮಿ ಸೇರಿದ್ದು 1907ರಲ್ಲಿ. ಬಹುಮಾನ, ಪದಕಗಳ ಜೊತೆ ಪಾಸಾದರು. ಮದ್ರಾಸಿನ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆದ ಮೊದಲ ಭಾರತೀಯ ಮಹಿಳೆ ಅನ್ನುವುದು ಮಾತ್ರ ಇವರದ್ದೇ ಹೆಗ್ಗಳಿಕೆ. ನನ್ನ ಪ್ರಕಾರ ಮುಂದಿನ ಕಥೆಗೆ ಈ ಹೆರಿಗೆ ವಾರ್ಡೇ ಮುಖ್ಯ. ಹದಿಮೂರು ಹದಿನಾಲ್ಕರ ಹುಡುಗಿಯರು ಹೆರಿಗೆಗೆ ಬಂದು ನರಳುವುದನ್ನು ಕಣ್ಣಾರೆ ಕಂಡ ಡಾಕ್ಟರಿಗೆ ಬಾಲ್ಯವಿವಾಹದ ಬಗ್ಗೆ ಯಾರೂ ಭಾಷಣ ಮಾಡಿ ತಿಳಿಸಬೇಕಾಗಿಲ್ಲ.

ಮದುವೆಗೆ ಷರತ್ತು ಹಾಕಿದ್ದರಂತಲ್ಲ?

ಹಾಕಿದ್ದರು. 1914ರಲ್ಲಿ ಡಾ. ಸುಂದರ ರೆಡ್ಡಿ ಅವರನ್ನು ಮದುವೆಯಾಗುವ ಮೊದಲು, ನನ್ನನ್ನು ಸಮಾನಳಾಗಿ ನೋಡಬೇಕು, ನನ್ನ ಇಷ್ಟಕ್ಕೆ ಅಡ್ಡ ಬರಬಾರದು ಅಂತ ಹೇಳಿದ್ದರು. ಅವರು ಒಪ್ಪಿದರು. ಮದುವೆ ನಡೆದದ್ದು 1872ರ ಕಾಯ್ದೆಯ ಪ್ರಕಾರ, ಅಂದರೆ ರಿಜಿಸ್ಟರ್ ಮದುವೆ. ಇಬ್ಬರು ಗಂಡು ಮಕ್ಕಳು. ಅವರಲ್ಲಿ ಒಬ್ಬರು, ಡಾ. ಕೃಷ್ಣಮೂರ್ತಿ, ಮುಂದೆ ಅಡ್ಯಾರಿನ ಕ್ಯಾನ್ಸರ್ ಆಸ್ಪತ್ರೆಗೆ ಆಧಾರವಾಗಿ ನಿಂತರು.

ಸದನಕ್ಕೆ ಹೋಗಿದ್ದು ಚುನಾವಣೆಯಲ್ಲಿ ಗೆದ್ದಾ?

ಅಲ್ಲ, ನಾಮಕರಣವಾಗಿ, ಅಂದರೆ ಚುನಾವಣೆ ಇಲ್ಲದೆ ಸರ್ಕಾರವೇ ನೇಮಿಸಿ. ಈ ಭಾಗವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹೆಂಗಸರಿಗೂ ಮತ ಬೇಕು ಅಂತ 1917ರಲ್ಲೇ ಸರೋಜಿನಿ ನಾಯ್ಡು ಮುಂದಾಳತ್ವದ ನಿಯೋಗ ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಮಂತ್ರಿ ಮಾಂಟೆಗು ಅವರನ್ನು ಕಂಡಿತ್ತು. ಬ್ರಿಟಿಷರು ಆ ತೀರ್ಮಾನವನ್ನು ಒಂದೊಂದು ಪ್ರಾಂತ್ಯದ ಸದನಕ್ಕೇ ಬಿಟ್ಟರು. ಮೊದಲು ಒಪ್ಪಿದ್ದು ಮದ್ರಾಸ್, 1921ರಲ್ಲಿ. ಆದರೂ ಆಸ್ತಿ ಇದ್ದವರಿಗೆ ಮಾತ್ರ ಮತ. ಆಸ್ತಿ ಹೆಸರಲ್ಲಿದ್ದ ಹೆಂಗಸರು ಆಗ ಎಷ್ಟು ಮಂದಿ ಇದ್ದಾರು? ಅಂತೂ ಓಟು ಹಾಕಬಹುದಿತ್ತು, ಸದನದಲ್ಲಿ ಕೂರುವಂತಿರಲಿಲ್ಲ. ಆ ಬಾಗಿಲು ತೆರೆದದ್ದು 1926ರಲ್ಲಿ.

ಬಾಗಿಲು ತೆರೆದ ಕೂಡಲೇ ಚುನಾವಣೆಗೆ ನಿಂತವರು ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಆಗ ಮಂಗಳೂರು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಪ್ರಚಾರಕ್ಕೆ ಸಿಕ್ಕ ದಿನಗಳು ಕಡಿಮೆ. ಆದರೂ ಬಹಳ ಕಡಿಮೆ ಅಂತರದಲ್ಲಿ ಸೋತರು. ಅವತ್ತು ಇನ್ನೊಂದಿಷ್ಟು ಮತ ಬಿದ್ದಿದ್ದರೆ ಕ್ವಿಜ್‌ನ ಉತ್ತರವೇ ಬೇರೆ ಇರುತ್ತಿತ್ತು.

ಗೆದ್ದು ಬರುವ ದಾರಿ ಮುಚ್ಚಿದ ಮೇಲೆ ಉಳಿದದ್ದು ನಾಮಕರಣದ ದಾರಿ. ಅಡ್ಯಾರಿನ ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ ಮುತ್ತುಲಕ್ಷ್ಮಿ ಅವರ ಹೆಸರನ್ನು ಮುಂದಿಟ್ಟಿತು. ಅವರಿಗೆ ಅಷ್ಟೇನೂ ಇಷ್ಟವಿರಲಿಲ್ಲ. ಆಗಷ್ಟೇ ಲಂಡನ್ನಿನಲ್ಲಿ ಹೆಚ್ಚಿನ ತರಬೇತಿ ಮುಗಿಸಿ ಬಂದಿದ್ದರು. ರೋಗಿಗಳ ಸಾಲು ಬಿಟ್ಟು ಸದನದಲ್ಲಿ ಕೂತರೆ ಪ್ರಾಕ್ಟೀಸ್ ಏನಾಗಬೇಕು ಅನ್ನುವ ಚಿಂತೆ. ಹಿಂದೆ ಮುಂದೆ ನೋಡಿಯೇ ಒಪ್ಪಿಕೊಂಡರು.

ಹಾಗಾದರೆ "ಭಾರತದ ಮೊದಲ ಶಾಸಕಿ" ಅನ್ನುವುದು ಸರಿಯಾ?

"ಬ್ರಿಟಿಷ್ ಇಂಡಿಯಾದ" ಅಂತ ಸೇರಿಸಿದರೆ ಸರಿ. ಸಂಸ್ಥಾನಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ತಿರುವಾಂಕೂರಿನ ಡಾ. ಮೇರಿ ಪುನ್ನೆನ್ ಲೂಕೋಸ್ 1922ರಲ್ಲೇ ಅಲ್ಲಿನ ಶಾಸನಸಭೆಗೆ ನಾಮಕರಣವಾಗಿದ್ದರು. ಕೊಚ್ಚಿಯಲ್ಲಿ ತೋಟ್ಟಕ್ಕಾಟ್ಟು ಮಾಧವಿ ಅಮ್ಮ 1925ರಲ್ಲಿ ಸದಸ್ಯೆಯಾದರು. ತಮಾಷೆ ನೋಡಿ, ಮೇರಿಯವರೂ ಡಾಕ್ಟರೇ.

ಇನ್ನೊಂದು ಗೊಂದಲ ಇದೆ. ಲೆಜಿಸ್ಲೇಟಿವ್ ಕೌನ್ಸಿಲ್ ಅಂದ ಕೂಡಲೇ ಇವತ್ತಿನ ವಿಧಾನ ಪರಿಷತ್ತು, ಮೇಲ್ಮನೆ ಅಂದುಕೊಳ್ಳಬೇಡಿ. ಆಗ ಇದ್ದದ್ದೇ ಒಂದು ಮನೆ. ಸುಮಾರು 130 ಸದಸ್ಯರು. ಅಷ್ಟೂ ಗಂಡಸರ ನಡುವೆ ಇವರೊಬ್ಬರು.

ಉಪಾಧ್ಯಕ್ಷೆ ಆಗಿದ್ದು ಹೇಗೆ?

ಸದಸ್ಯರೇ ಆರಿಸಿದರು, ಅದೂ ಅವಿರೋಧವಾಗಿ. ಅಧ್ಯಕ್ಷರು ಸಿ.ವಿ.ಎಸ್. ನರಸಿಂಹರಾಜು. ಅವರು ಇಲ್ಲದಾಗ ಸದನ ನಡೆಸುವ ಹೊಣೆ ಇವರದ್ದು. ಈಗಿನ ಲೆಕ್ಕದಲ್ಲಿ ಡೆಪ್ಯುಟಿ ಸ್ಪೀಕರ್ ಅನ್ನಬಹುದು. ನಾಮಕರಣವಾಗಿ ಬಂದ ಹೊಸಬರನ್ನು ಹೀಗೆ ಎಲ್ಲರೂ ಸೇರಿ ಆರಿಸಿದ್ದು ಸಣ್ಣ ಮಾತಲ್ಲ. ಹೆಂಗಸರಿಗೆ ಗೌರವ ತೋರಿಸಿದಂತೆ ಆಯಿತು, ಅಧಿಕಾರವೇನೂ ಕೈಬಿಡಲಿಲ್ಲ ಅನ್ನುವ ಲೆಕ್ಕಾಚಾರವೂ ಕೆಲವರಿಗೆ ಇದ್ದಿರಬಹುದು. ಆದರೆ ಕುರ್ಚಿಯಲ್ಲಿ ಕೂತವರು ಸುಮ್ಮನೆ ಕೂರಲಿಲ್ಲ.

ಸದನದಲ್ಲಿ ಏನೇನು ಮಾತಾಡಿದರು?

ಶಾಲಾ ಮಕ್ಕಳಿಗೆ ವೈದ್ಯಕೀಯ ತಪಾಸಣೆ ಬೇಕು ಅಂದರು. ಮಕ್ಕಳಿಗೇ ಅಂತ ಬೇರೆ ಆಸ್ಪತ್ರೆ ಬೇಕು ಅಂದರು. ಬಡ ಹುಡುಗಿಯರ ಓದಿಗೆ ಶುಲ್ಕ ಬಿಡಿ ಅಂದರು. ವೇಶ್ಯಾವಾಟಿಕೆಗಳನ್ನು ಮುಚ್ಚಿಸುವ ಮಸೂದೆಯ ಹಿಂದೆ ಗಟ್ಟಿಯಾಗಿ ನಿಂತರು. ಅದು 1930ರಲ್ಲಿ ಕಾಯ್ದೆಯಾಯಿತು.

ಮದುವೆಯ ವಯಸ್ಸಿನ ವಿಚಾರದಲ್ಲಿ ಅವರು ಕಾಲಕ್ಕಿಂತ ಬಹಳ ಮುಂದೆ ಇದ್ದರು. 1928ರಲ್ಲಿ ಹುಡುಗಿಗೆ 16, ಹುಡುಗನಿಗೆ 21 ಆಗಿರಲೇಬೇಕು ಅಂತ ಗೊತ್ತುವಳಿ ತಂದರು. ಮರುವರ್ಷ ಕೇಂದ್ರ ಶಾಸನಸಭೆಯಲ್ಲಿ ಪಾಸಾದ ಶಾರದಾ ಕಾಯ್ದೆ ನಿಂತದ್ದು 14 ಮತ್ತು 18ಕ್ಕೆ. ಅಷ್ಟಕ್ಕೇ ದೇಶದಲ್ಲಿ ದೊಡ್ಡ ರಂಪ ಆಗಿತ್ತು, ಅಲ್ವಾ.

ದೇವದಾಸಿ ಪದ್ಧತಿಯನ್ನು ನಿಷೇಧಿಸಿದ ಕಾನೂನು ಇವರದ್ದೇ ಅಂತಾರೆ. ಅದು ಹೇಗೆ ಕೆಲಸ ಮಾಡಿತು?

ಅದು ಒಂದೇ ಕಾನೂನು ಅಲ್ಲ, ಎರಡು ಹೆಜ್ಜೆ. ಬಹಳ ಜನರಿಗೆ ಎರಡನೆಯದು ಮಾತ್ರ ಗೊತ್ತು. ಜಾಣತನ ಇರುವುದು ಮೊದಲನೆಯದರಲ್ಲಿ.

ದೇವದಾಸಿ ಮನೆತನಗಳಿಗೆ ದೇವಸ್ಥಾನದಿಂದ ಇನಾಂ ಜಮೀನು ಇರುತ್ತಿತ್ತು. ನಮ್ಮ ಕಡೆ ಉಂಬಳಿ ಅಂತಾರಲ್ಲ, ಅದೇ. ಜಮೀನು ಪುಕ್ಕಟೆ ಅಲ್ಲ. ಮನೆಯ ಒಬ್ಬ ಹೆಣ್ಣು ದೇವರ ಸೇವೆಗೆ ಹೋಗಬೇಕು, ಆಗ ಜಮೀನಿನ ಉತ್ಪತ್ತಿ ಆ ಮನೆಗೆ. ಅಜ್ಜಿಗೆ ವಯಸ್ಸಾಯಿತು, ಮಗಳು ಸೇವೆ ಮಾಡುತ್ತಿದ್ದಾಳೆ ಅಂತಿಟ್ಟುಕೊಳ್ಳಿ. ಮಗಳಿಗೂ ವಯಸ್ಸಾಗುತ್ತದೆ. ಆಗ ಮೊಮ್ಮಗಳಿಗೆ ಪೊಟ್ಟು ಕಟ್ಟಬೇಕು. ನಮ್ಮ ಉತ್ತರ ಕರ್ನಾಟಕದಲ್ಲಿ ಮುತ್ತು ಕಟ್ಟುವುದು ಅಂತಾರಲ್ಲ, ತಮಿಳರು ಅದಕ್ಕೇ ಪೊಟ್ಟು ಅನ್ನುತ್ತಾರೆ. ಕಟ್ಟದಿದ್ದರೆ? ಸೇವೆ ನಿಂತಿತು ಅಂತ ಜಮೀನು ಕೈತಪ್ಪುತ್ತದೆ. ಮನೆಯಲ್ಲಿ ಹೆಣ್ಣು ಮಗು ಇಲ್ಲದಿದ್ದರೆ ದತ್ತು ತೆಗೆದುಕೊಂಡಾದರೂ ಪೊಟ್ಟು ಕಟ್ಟುತ್ತಿದ್ದರು.

ಹೀಗಿರುವಾಗ ಪೊಟ್ಟು ಕಟ್ಟುವುದು ಅಪರಾಧ ಅಂತ ಮಾತ್ರ ಕಾನೂನು ತಂದರೆ ಏನಾಗುತ್ತದೆ? ಆ ಮನೆಯ ಊಟವೇ ಹೋಗುತ್ತದೆ. ಕದ್ದುಮುಚ್ಚಿ ಕಟ್ಟುತ್ತಾರೆ, ಅಷ್ಟೇ. ಮುತ್ತುಲಕ್ಷ್ಮಿ ಮೊದಲು ಕೈಹಾಕಿದ್ದು ಆ ಗಂಟಿಗೆ. 1929ರಲ್ಲಿ ಹಿಂದೂ ಧಾರ್ಮಿಕ ದತ್ತಿಗಳ ಕಾಯ್ದೆಗೆ ತಿದ್ದುಪಡಿ ಮಾಡಿಸಿದರು. ಸೇವೆಯ ಷರತ್ತನ್ನು ಜಮೀನಿನಿಂದ ಬಿಡಿಸಿದರು. ಇನಾಂ ಜಮೀನು ಹಿಡುವಳಿದಾರಳದ್ದೇ ಆಗುತ್ತದೆ, ಸರ್ಕಾರಕ್ಕೆ ಒಂದಿಷ್ಟು ಕಂದಾಯ ಕಟ್ಟಿದರೆ ಆಯಿತು, ಮಗಳನ್ನು ದೇವಸ್ಥಾನಕ್ಕೆ ಕಳಿಸಬೇಕಾಗಿಲ್ಲ. ಹುಣ್ಣಿನ ಮೇಲೆ ಪಟ್ಟಿ ಕಟ್ಟುವುದನ್ನು ಬಿಟ್ಟು ಒಳಗೆ ಕೀವು ಎಲ್ಲಿದೆ ಅಂತ ನೋಡುವುದು ಡಾಕ್ಟರ ಅಭ್ಯಾಸ. ಸದನದಲ್ಲೂ ಅದನ್ನೇ ಮಾಡಿದರು ಅಂತ ನನಗನ್ನಿಸುತ್ತದೆ.

ಎರಡನೇ ಹೆಜ್ಜೆ ಪೊಟ್ಟು ಕಟ್ಟುವುದನ್ನೇ ನಿಷೇಧಿಸುವ ಮಸೂದೆ. 1930ರಲ್ಲಿ ಮಂಡಿಸಿದರು. ಜನರ ಅಭಿಪ್ರಾಯ ಕೇಳಲು ಅದನ್ನು ಎಲ್ಲ ಕಡೆ ಕಳಿಸಿದರು. ಅಷ್ಟರಲ್ಲಿ ಅವರೇ ಸದನ ಬಿಟ್ಟರು. ಮಸೂದೆ ಮೂಲೆ ಸೇರಿತು. ಕಾಯ್ದೆಯಾಗಿ ಹೊರಬಂದದ್ದು 1947ರಲ್ಲಿ. ನಡುವೆ ಹದಿನೇಳು ವರ್ಷ. ಅಂದರೆ 1930ರಲ್ಲಿ ಹುಟ್ಟಿದ ಹೆಣ್ಣು ಮಗು ಬೆಳೆದು ದೊಡ್ಡವಳಾಗಿ ಪೊಟ್ಟು ಕಟ್ಟಿಸಿಕೊಂಡ ಮೇಲೆ ಕಾನೂನು ಬಂತು.

ಕರ್ನಾಟಕಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ಇದೆ. ಬಳ್ಳಾರಿ, ದಕ್ಷಿಣ ಕನ್ನಡ, ಕೊಳ್ಳೇಗಾಲ ಆಗ ಮದ್ರಾಸ್ ಪ್ರಾಂತ್ಯದಲ್ಲಿ ಇದ್ದವು. 1929ರ ತಿದ್ದುಪಡಿಯಾಗಲಿ 1947ರ ಕಾಯ್ದೆಯಾಗಲಿ ಅಲ್ಲಿಗೂ ಅನ್ವಯ.

ಮೈಸೂರು ಸಂಸ್ಥಾನ ಇನ್ನೂ ಮೊದಲೇ, 1909ರ ಹೊತ್ತಿಗೇ, ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿತ್ತು. ಮದ್ರಾಸಿನಲ್ಲಿ ವಾದ ಮಾಡುವಾಗ ಮುತ್ತುಲಕ್ಷ್ಮಿ ಮೈಸೂರಿನ ಉದಾಹರಣೆಯನ್ನೇ ಎತ್ತಿ ತೋರಿಸಿದ್ದರು. ಅವರಿಗೆ ಆಗೋದಾದರೆ ನಮಗೇಕೆ ಆಗಲ್ಲ ಅನ್ನುವ ವಾದ. ಇಷ್ಟೆಲ್ಲ ಆದರೂ ಕರ್ನಾಟಕಕ್ಕೆ 1982ರಲ್ಲಿ ಮತ್ತೆ ಹೊಸದಾಗಿ ಒಂದು ಕಾಯ್ದೆ ಬೇಕಾಯಿತು.

ದೇವದಾಸಿಯರೇ ಇವರನ್ನು ವಿರೋಧಿಸಿದ್ದರಂತೆ. ನಿಜವಾ?

ನಿಜ. ಇದನ್ನು ಮುಚ್ಚಿಟ್ಟರೆ ಕಥೆ ಅರ್ಧ ಆಗುತ್ತದೆ.

ವಿರೋಧಿಸಿದವರಲ್ಲಿ ದೊಡ್ಡ ಹೆಸರು ಬೆಂಗಳೂರು ನಾಗರತ್ನಮ್ಮ. ನಂಜನಗೂಡಿನಲ್ಲಿ ಹುಟ್ಟಿ, ಮದ್ರಾಸಿನಲ್ಲಿ ಸಂಗೀತದಿಂದ ಹೆಸರು ಮಾಡಿ, ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು. ಅವರೂ ಮದ್ರಾಸಿನ ಇತರ ದೇವದಾಸಿಯರೂ ಸೇರಿ ಸರ್ಕಾರಕ್ಕೆ ಮನವಿ ಕೊಟ್ಟರು. ಅವರ ವಾದ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ನಾವು ವೇಶ್ಯೆಯರಲ್ಲ, ಕಲಾವಿದೆಯರು. ನಮ್ಮ ಮನೆಗಳಲ್ಲಿ ಹೆಣ್ಣಿಗೆ ಆಸ್ತಿ ಬರುತ್ತದೆ, ದತ್ತು ತೆಗೆದುಕೊಳ್ಳುವ ಹಕ್ಕಿದೆ. ಬೇರೆ ಜಾತಿಯ ಹೆಂಗಸರಿಗೆ ಅದೂ ಇಲ್ಲ. ನಮ್ಮನ್ನು ಉದ್ಧಾರ ಮಾಡಬೇಕು ಅಂತಿದ್ದರೆ ವಿದ್ಯೆ ಕೊಡಿ, ಸಂಗೀತ ನೃತ್ಯ ಕಲಿಸಿ. ಸಾರಾಂಶ ಇಷ್ಟು.

ಕಾಂಗ್ರೆಸ್‌ನ ಸತ್ಯಮೂರ್ತಿ ಕೂಡ ಸದನದಲ್ಲಿ ಎದುರು ಮಾತಾಡಿದರು. ಅವರದ್ದು ಸಂಪ್ರದಾಯ ಉಳಿಸುವ ವಾದ. ಇನ್ನೊಂದು ಕಡೆ ಅದೇ ಸಮುದಾಯದ ಮೂವಲೂರು ರಾಮಾಮೃತಮ್ಮಾಳ್ ಊರೂರು ಸುತ್ತಿ ಪದ್ಧತಿ ಹೋಗಲೇಬೇಕು ಅಂತ ಹೋರಾಡುತ್ತಿದ್ದರು. ಹಾಗಾಗಿ ದೇವದಾಸಿಯರೆಲ್ಲ ಒಂದು ಕಡೆ, ಮುತ್ತುಲಕ್ಷ್ಮಿ ಇನ್ನೊಂದು ಕಡೆ ಅನ್ನುವುದೂ ಸುಳ್ಳು.

ನನ್ನ ಅಭಿಪ್ರಾಯ ಕೇಳಿದರೆ, ಪುಟ್ಟ ಹುಡುಗಿಯನ್ನು ಅವಳನ್ನೇ ಕೇಳದೆ ಕಟ್ಟಿಹಾಕುವ ಪದ್ಧತಿ ನಿಲ್ಲಬೇಕಿತ್ತು, ಅದರಲ್ಲಿ ಮುತ್ತುಲಕ್ಷ್ಮಿ ಸರಿ. ಆದರೆ ಅವರ ಭಾಷಣಗಳಲ್ಲಿ ಕಲಾವಿದೆಗೂ ಕಷ್ಟದಲ್ಲಿ ಸಿಕ್ಕಿಬಿದ್ದವಳಿಗೂ ನಡುವೆ ಗೆರೆ ಸರಿಯಾಗಿ ಬೀಳಲಿಲ್ಲ. ಜಮೀನು ಬಿಡುಗಡೆಯಾದ ಮೇಲೆ ಎಷ್ಟೋ ಕಡೆ ಅದು ಆ ಮನೆಗಳ ಗಂಡಸರ ಕೈ ಸೇರಿತು ಅಂತ ಇತಿಹಾಸಕಾರರು ಬರೆಯುತ್ತಾರೆ. ನಾಗರತ್ನಮ್ಮನವರಿಗೆ ಇದ್ದ ಭಯ ಪೂರ್ತಿ ಸುಳ್ಳಾಗಲಿಲ್ಲ.

ರಾಜೀನಾಮೆ ಯಾಕೆ ಕೊಟ್ಟರು?

1930ರ ಮೇ ತಿಂಗಳಲ್ಲಿ ಉಪ್ಪಿನ ಸತ್ಯಾಗ್ರಹದ ಹೊತ್ತಿನಲ್ಲಿ ಗಾಂಧೀಜಿಯನ್ನು ಬಂಧಿಸಿದರು. ಅದನ್ನು ವಿರೋಧಿಸಿ ಸದನದಿಂದ ಹೊರಬಂದರು. ಸದನದಲ್ಲಿ ಇದ್ದದ್ದು ಮೂರು ವರ್ಷದ ಮೇಲೆ ಸ್ವಲ್ಪ. ಕೈಯಲ್ಲಿದ್ದ ಮಸೂದೆ ಅರ್ಧಕ್ಕೆ ನಿಲ್ಲುತ್ತದೆ ಅಂತ ಗೊತ್ತಿದ್ದೇ ಬಿಟ್ಟರು. ಅದೇ ವರ್ಷ ಶಾಸಕಿಯಾಗಿ ತಮ್ಮ ಅನುಭವದ ಬಗ್ಗೆ ಒಂದು ಪುಸ್ತಕ ಬರೆದರು.

ಅವ್ವೈ ಹೋಮ್ ಶುರುವಾದದ್ದು ಹೇಗೆ?

ಅವರ ಮನೆ ಬಾಗಿಲಲ್ಲಿ. ದೇವದಾಸಿ ಮನೆಗಳಿಂದ ಬಂದ ಕೆಲವು ಹುಡುಗಿಯರು, ನಮಗೆ ಆ ಬದುಕು ಬೇಡ ಅಂತ ಅವರನ್ನು ಹುಡುಕಿಕೊಂಡು ಬಂದು ನಿಂತರು. ಊರಿನ ಹಾಸ್ಟೆಲುಗಳಲ್ಲಿ ಕೇಳಿದರು. ದೇವದಾಸಿ ಮಕ್ಕಳಾ, ಜಾಗ ಇಲ್ಲ ಅಂದರು. ಬ್ರಾಹ್ಮಣರ ಹಾಸ್ಟೆಲೂ ಅಷ್ಟೇ, ಬ್ರಾಹ್ಮಣೇತರರದ್ದೂ ಅಷ್ಟೇ. ಸದನದಲ್ಲಿ ಗೊತ್ತುವಳಿ ಪಾಸು ಮಾಡಿಸುವುದು ಬೇರೆ, ರಾತ್ರಿ ಈ ಮಕ್ಕಳು ಎಲ್ಲಿ ಮಲಗಬೇಕು ಅನ್ನುವುದು ಬೇರೆ. ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಅದೇ ಬೆಳೆದು ಅವ್ವೈ ಹೋಮ್ ಆಯಿತು. ಹೆಸರು ತಮಿಳಿನ ಹಳೆಯ ಕವಯಿತ್ರಿ ಅವ್ವೈಯಾರ್ ಅವರದ್ದು. ಜಾತಿ ಕೇಳಬಾರದು ಅನ್ನುವುದು ಅಲ್ಲಿನ ಮೊದಲ ನಿಯಮ. ಈಗಲೂ ಅಡ್ಯಾರಿನಲ್ಲಿ ನಡೆಯುತ್ತಿದೆ.

ಮಹಿಳಾ ಮೀಸಲಾತಿಗೆ ಇವರು ವಿರುದ್ಧವಾಗಿದ್ದರಾ?

ಇವತ್ತಿನ ಕಣ್ಣಿನಲ್ಲಿ ನೋಡಿದರೆ ಆಶ್ಚರ್ಯ ಆಗುತ್ತದೆ. 1930ರ ದಶಕದ ಶುರುವಿನಲ್ಲಿ ಹೊಸ ಸಂವಿಧಾನದ ಚರ್ಚೆ ನಡೆಯುತ್ತಿದ್ದಾಗ ದೊಡ್ಡ ಮಹಿಳಾ ಸಂಘಟನೆಗಳು ಒಟ್ಟಾಗಿ, ನಮಗೆ ಬೇರೆ ಸೀಟು ಬೇಡ, ವಯಸ್ಸಿಗೆ ಬಂದ ಎಲ್ಲರಿಗೂ ಮತ ಕೊಡಿ ಅಂದವು. ಮುತ್ತುಲಕ್ಷ್ಮಿ ಆ ಗುಂಪಿನ ಜೊತೆ ನಿಂತರು. ಹೆಂಗಸರನ್ನೂ ಜಾತಿ ಧರ್ಮದ ಲೆಕ್ಕದಲ್ಲಿ ಹಂಚಿಬಿಡುತ್ತಾರೆ ಅನ್ನುವ ಆತಂಕ ಅವರಿಗೆ.

ಎದುರು ಮಾತಾಡಿದವರು ಯಾರು ಗೊತ್ತಾ? ರಾಧಾಬಾಯಿ ಸುಬ್ಬರಾಯನ್. ಮಂಗಳೂರಿನ ಕುದ್ಮುಲ್ ರಂಗರಾಯರ ಮಗಳು. 1930ರ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರು ಮಹಿಳೆಯರಲ್ಲಿ ಒಬ್ಬರು. ಸೀಟು ಕಾದಿರಿಸದಿದ್ದರೆ ಹೆಂಗಸರನ್ನು ಯಾವ ಪಕ್ಷವೂ ನಿಲ್ಲಿಸುವುದಿಲ್ಲ ಅನ್ನುವುದು ಅವರ ನಿಲುವು. ಕೊನೆಗೆ 1935ರ ಕಾಯ್ದೆಯಲ್ಲಿ ಪ್ರಾಂತ್ಯಗಳ ಸದನಗಳಲ್ಲಿ 41 ಸೀಟು ಮಹಿಳೆಯರಿಗೆ ಇಟ್ಟರು. ನನಗೆ ಈ ವಾದದಲ್ಲಿ ರಾಧಾಬಾಯಿಯವರೇ ಸರಿ ಅನ್ನಿಸುತ್ತದೆ. ಮುತ್ತುಲಕ್ಷ್ಮಿ ಒಳಗೆ ಬಂದದ್ದೂ ನಾಮಕರಣದ ಬಾಗಿಲಿನಿಂದ ತಾನೇ?

ಸಂವಿಧಾನ ಸಭೆಯಲ್ಲಿ ಇದ್ದರಾ?

ಇಲ್ಲ. ಅಲ್ಲಿದ್ದ 15 ಮಹಿಳೆಯರ ಪಟ್ಟಿಯಲ್ಲಿ ಇವರ ಹೆಸರಿಲ್ಲ. ಮದ್ರಾಸಿನ ಕಡೆಯಿಂದ ಇದ್ದವರು ಅಮ್ಮು ಸ್ವಾಮಿನಾಥನ್, ದಾಕ್ಷಾಯಿಣಿ ವೇಲಾಯುಧನ್, ದುರ್ಗಾಬಾಯಿ.

ಕ್ಯಾನ್ಸರ್ ಆಸ್ಪತ್ರೆ ಕಟ್ಟುವ ಹಟ ಯಾಕೆ ಬಂತು?

ತಂಗಿಯಿಂದ. 1923ರಲ್ಲಿ ತಂಗಿ ಕ್ಯಾನ್ಸರಿನಿಂದ ತೀರಿಕೊಂಡಳು. ಅಕ್ಕ ಡಾಕ್ಟರು, ಭಾವ ಡಾಕ್ಟರು. ಆದರೂ ಏನೂ ಮಾಡಲು ಆಗಲಿಲ್ಲ. ಲಂಡನ್ನಿಗೆ ಹೋದಾಗ ಅಲ್ಲಿನ ಕ್ಯಾನ್ಸರ್ ಚಿಕಿತ್ಸೆಯನ್ನು ನೋಡಿಕೊಂಡು ಬಂದರು. 1935ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನ ನೂರನೇ ವರ್ಷದ ಸಮಾರಂಭದಲ್ಲಿ ಇದಕ್ಕೇ ಅಂತ ಒಂದು ಆಸ್ಪತ್ರೆ ಬೇಕು ಅಂತ ಮಾತಾಡಿದರು. ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಕ್ಯಾನ್ಸರ್ ಬಂದರೆ ಹೇಗೂ ಸಾಯುವುದೇ, ಅದಕ್ಕೆ ಆಸ್ಪತ್ರೆ ಯಾಕೆ ಅನ್ನುವ ಕಾಲ ಅದು.

ಚಂದಾ ಎತ್ತುತ್ತಾ ಹೋದರು. ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ ಹೆಸರಲ್ಲೇ ನಿಧಿ. 1952ರ ಅಕ್ಟೋಬರ್ 10ರಂದು ನೆಹರೂ ಬಂದು ಅಡಿಗಲ್ಲು ಹಾಕಿದರು. 1954ರಲ್ಲಿ ಬಾಗಿಲು ತೆರೆಯಿತು, 12 ಹಾಸಿಗೆ. ಆಗ ಮುತ್ತುಲಕ್ಷ್ಮಿಯವರಿಗೆ 67 ವರ್ಷ. ಮಗ ಡಾ. ಕೃಷ್ಣಮೂರ್ತಿ ಆಸ್ಪತ್ರೆ ನೋಡಿಕೊಂಡರು. 1955ರಲ್ಲಿ ಡಾ. ವಿ. ಶಾಂತಾ ಸೇರಿದರು. 2021ರಲ್ಲಿ ತೀರಿಕೊಳ್ಳುವವರೆಗೂ ಶಾಂತಾ ಅಲ್ಲೇ ಇದ್ದರು.

ತಂಗಿ ಹೋದದ್ದು 1923, ಬಾಗಿಲು ತೆರೆದದ್ದು 1954. ಮೂವತ್ತೊಂದು ವರ್ಷ ಒಂದೇ ಮಾತನ್ನು ಹಿಡಿದುಕೊಂಡಿದ್ದರು.

ಸದನ ಬಿಟ್ಟ ಮೇಲೆ ರಾಜಕೀಯದಲ್ಲಿ ಇರಲಿಲ್ಲವಾ?

ಚುನಾವಣೆ ರಾಜಕೀಯದಿಂದ ದೂರವೇ ಉಳಿದರು. ಅಖಿಲ ಭಾರತ ಮಹಿಳಾ ಸಮ್ಮೇಳನದ ಅಧ್ಯಕ್ಷೆಯಾದರು. 1933ರಲ್ಲಿ ಷಿಕಾಗೋದ ಮಹಿಳಾ ಸಮಾವೇಶಕ್ಕೆ ಹೋಗಿಬಂದರು. ಮದ್ರಾಸ್ ನಗರಸಭೆಯ ಮೊದಲ ಮಹಿಳಾ ಆಲ್ಡರ್‌ಮನ್, ಅಂದರೆ ಹಿರಿಯ ಸದಸ್ಯೆ, ಆದರು. ಸ್ವಾತಂತ್ರ್ಯ ಬಂದ ಮೇಲೆ ರಾಜ್ಯ ಸಮಾಜ ಕಲ್ಯಾಣ ಮಂಡಳಿಗೆ ಅಧ್ಯಕ್ಷೆಯಾದರು.

ನಟ ಜೆಮಿನಿ ಗಣೇಶನ್ ಇವರಿಗೆ ನೆಂಟರಂತೆ?

ಹೌದು. ತಂದೆಯ ಕಡೆಯಿಂದ ಗಣೇಶನ್ ಅವರಿಗೆ ಇವರು ಸೋದರತ್ತೆ ಆಗಬೇಕು. ಚಿಕ್ಕಂದಿನಲ್ಲಿ ಮನೆಯ ಹಿರಿಯರು ತೀರಿಕೊಂಡ ಮೇಲೆ ಹುಡುಗ ಗಣೇಶನ್ ಮದ್ರಾಸಿನಲ್ಲಿ ಈ ಅತ್ತೆಯ ಆಸರೆಯಲ್ಲಿ ಇದ್ದರು. ಹಾಗೆ ನೋಡಿದರೆ ಹಿಂದಿ ನಟಿ ರೇಖಾ ಅವರಿಗೂ ಇವರು ಅಜ್ಜಿಯ ಸಾಲಿನವರೇ.

ಈಗ ತಮಿಳುನಾಡಿನಲ್ಲಿ ಇವರ ಹೆಸರು ಎಲ್ಲಿ ಕೇಳಿಬರುತ್ತದೆ?

ಜಾಸ್ತಿ ಕೇಳಿಬರುವುದು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ. ಬಡ ಗರ್ಭಿಣಿಯರಿಗೆ ಸರ್ಕಾರ ಕೊಡುವ ಹೆರಿಗೆ ಸಹಾಯಧನದ ಯೋಜನೆಗೆ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅಂತಲೇ ಹೆಸರು. ಮೊದಲ ಶಾಸಕಿ ಅನ್ನುವುದು ಗೊತ್ತಿರಲಿ ಬಿಡಲಿ, ಹಳ್ಳಿಯ ಬಸುರಿ ಹೆಂಗಸು ಅರ್ಜಿ ತುಂಬುವಾಗ ಅವರ ಹೆಸರನ್ನು ಬರೆಯುತ್ತಾಳೆ.